ಹಿತ್ತಲಿಗೆ ಉಲ್ಕೆ ಬೀಳುವ ಚಿತ್ರಪುಸ್ತಕ: ಕಲ್ಲು ಉರಿಯುತ್ತಲೇ ಬೀಳಬೇಕಾ?

ಹಿತ್ತಲಬಾಗಿಲು:
4ರಿಂದ 6 ವರ್ಷದ ಮಕ್ಕಳಿಗೆ ಚಿತ್ರಪುಸ್ತಕ. ಹೆಂಚಿನ ಮನೆ, ಅಜ್ಜಿ, ಮೊಮ್ಮಗಳು, ರಾತ್ರಿ ಹಿತ್ತಲಿಗೆ ಉಲ್ಕೆ ಬೀಳುತ್ತೆ. 16 ಪುಟ, ಅಂದರೆ 8 ಜೋಡಿಪುಟದ ಚಿತ್ರ. ಕರಡಿನಲ್ಲಿ ಬೆಂಕಿಯುಂಡೆ ಬಾಳೆಗಿಡದ ಪಕ್ಕ ಬಿದ್ದು ದೊಡ್ಡ ಗುಂಡಿಯಾಗಿದೆ, ಹೊಗೆ ಏಳ್ತಿದೆ, ಒಳಗೆ ಕಲ್ಲು ಕೆಂಡದ ಹಾಗಿದೆ. ಇದು ತಪ್ಪು ಅಂತ ಒಬ್ಬರು ಹೇಳಿದರು. ಬೆಂಕಿ ತೆಗೆದರೆ ಮಜಾ ಎಲ್ಲಿಂದ ಬರುತ್ತೆ? ಇನ್ನೊಂದು, ಕಪ್ಪು ಆಕಾಶದ ಮೇಲೆ ಬಿಳಿ ಅಕ್ಷರ ಹಾಕಬಹುದಾ?

ಕತ್ತಲಗಣ್ಣು:
ತಪ್ಪು ಹೌದು. ಆದರೆ ನಿಜ ಸಂಗತಿ ನಿಮ್ಮ ಕರಡಿಗಿಂತ ಮಜವಾಗಿದೆ.

ಸಣ್ಣ ಉಲ್ಕೆಯ ಬೆಳಕು ನೆಲದಿಂದ ಸುಮಾರು 20–30 ಕಿ.ಮೀ. ಮೇಲೆಯೇ ಆರಿಹೋಗುತ್ತೆ. ಅಷ್ಟರಲ್ಲಿ ವೇಗವೆಲ್ಲ ಕಳೆದುಕೊಂಡ ಕಲ್ಲು ಅಲ್ಲಿಂದ ಕೆಳಗೆ ಕತ್ತಲಲ್ಲಿ ಸುಮ್ಮನೆ ಬೀಳುತ್ತೆ. ನೆಲ ಮುಟ್ಟುವಾಗ ವೇಗ ಗಂಟೆಗೆ 200–400 ಕಿ.ಮೀ. ಇದ್ದೀತು, ಅಷ್ಟೆ. ಬಿಸಿಯಾದದ್ದು ಕೆಲವೇ ಸೆಕೆಂಡು, ಕರಗಿದ ಪದರ ಆಗಲೇ ಹಾರಿಹೋಗಿರುತ್ತೆ, ಆಮೇಲೆ ಮೇಲಿನ ಕೊರೆಯುವ ಗಾಳಿಯಲ್ಲಿ ಬಂದಿರುತ್ತೆ. ಹಾಗಾಗಿ ಕೆಂಡ, ಹೊಗೆ, ಹುಲ್ಲಿಗೆ ಬೆಂಕಿ ಯಾವುದೂ ಇಲ್ಲ. ತೆಂಗಿನಕಾಯಿ ಗಾತ್ರದ ಕಲ್ಲು ಮೆತ್ತನೆ ಮಣ್ಣಿಗೆ ಬಿದ್ದರೆ ಗೇಣುದ್ದದ ಗುಂಡಿ ಮಾಡೀತು. ಮಹಾರಾಷ್ಟ್ರದ ಲೋಣಾರ್‌ನಂಥ 1.8 ಕಿ.ಮೀ. ಅಗಲದ ಕುಳಿಯ ಲೆಕ್ಕವೇ ಬೇರೆ, ಅದನ್ನು ಹಿತ್ತಲಿಗೆ ತರಬೇಡಿ.

ಈಗ ಮಜಾ. ಶಬ್ದ 1 ಕಿ.ಮೀ. ಬರಲು 3 ಸೆಕೆಂಡಿಗೂ ಹೆಚ್ಚು ಬೇಕು. ಬೆಳಕು ಆರಿದ ಮೇಲೆ ಒಂದು, ಒಂದೂವರೆ ನಿಮಿಷ ಎಲ್ಲವೂ ಮೌನ. ಆಮೇಲೆ ಗುಡುಗು. ಕಲ್ಲು ಬರುವುದು ಅದಕ್ಕೂ ತಡವಾಗಿ. ಬೆಳಕು, ಮೌನ, ಗುಡುಗು, ಸುಂಯ್, ಧೊಪ್: ಒಂದೊಂದಕ್ಕೂ ಒಂದೊಂದು ಪುಟ ತಿರುವಬಹುದು. ಇಂಥ ಏರ್ಪಾಟು ಕತೆ ಬರೆಯುವವರಿಗೆ ಪುಕ್ಕಟೆ ಸಿಗೋದು ಅಪರೂಪ.

ಮಗುವನ್ನು ಗಾಜಿನ ಕಿಟಕಿ ಹಿಂದೆ ನಿಲ್ಲಿಸಬೇಡಿ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಬೆಳಕು ನೋಡಲು ಕಿಟಕಿಗೆ ಬಂದವರು, ತಡವಾಗಿ ಬಂದ ಗಾಳಿಯಲೆಗೆ ಗಾಜು ಒಡೆದು ಗಾಯಗೊಂಡರು. ಅಂಗಳದಲ್ಲೇ ಇರಲಿ.

ಅಚ್ಚುಮೊಳೆ:
ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. 16 ಪುಟದಲ್ಲಿ ಜೋಡಿಪುಟ 8 ಅಲ್ಲ, 7. ಪುಟ 1 ಮತ್ತು 16 ಒಂಟಿ. ನಾಲ್ಕು A4 ಹಾಳೆ ಒಂದರೊಳಗೊಂದು ಮಡಚಿ, ನಡುವೆ ಪಿನ್ ಹೊಡೆದು, ಪೆನ್ಸಿಲಲ್ಲಿ ನಂಬರ್ ಹಾಕಿ. ಎರಡು ನಿಮಿಷದ ಕೆಲಸ, ಕಂಪ್ಯೂಟರಿಗೆ ಹೋಗುವ ಮುಂಚೆ ಮಾಡಲೇಬೇಕು.

ಆಗ ಹಂಚಿಕೆ ಹೀಗೆ: 2–3 ಸಂಜೆಯ ಮನೆ, 4–5 ಬೆಳಕು, 6–7 ಮೌನ, 8–9 ಗುಡುಗು, 10–11 ಧೊಪ್, 12–13 ಬೆಳಗಿನ ಹುಡುಕಾಟ, 14–15 ಕಲ್ಲು. ಸೆಂಟರ್ ಪಿನ್ ಪುಸ್ತಕದಲ್ಲಿ 8–9 ಮಾತ್ರ ಒಂದೇ ಹಾಳೆ, ಉಳಿದ ಜೋಡಿಗಳ ಎರಡು ಪುಟ ಬೇರೆ ಬೇರೆ ಹಾಳೆಯವು, ಮಡಿಕೆಯಲ್ಲಿ ಒಂದೆರಡು ಮಿ.ಮೀ. ಆಚೀಚೆ ಆಗುತ್ತೆ. ಓರೆ ಗೆರೆಯಲ್ಲಿ ಇದು ಎದ್ದು ಕಾಣುತ್ತೆ. ಉಲ್ಕೆಯ ಗೆರೆ 4ರಿಂದ 5ಕ್ಕೆ ದಾಟದೆ 5ರಲ್ಲೇ ಮುಗಿಯಲಿ. ನೆಲ ಮುಟ್ಟೋದು ಬೇಡ ಅಂತ ಮೇಲಿನವರೂ ಹೇಳಿದ್ದಾರಲ್ಲ.

ಬಿಳಿ ಅಕ್ಷರ ಬೇಡ. ನಾಲ್ಕು ಬಣ್ಣ ಸೇರಿದ ಕಪ್ಪಿನಲ್ಲಿ ಒಂದು ಬಣ್ಣದ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸಣ್ಣ ಸಂದು ತುಂಬಿಹೋಗುತ್ತೆ. ಬಾಗಿಲಿಂದ ಅಂಗಳಕ್ಕೆ ಚೆಲ್ಲಿದ ಹಳದಿ ಬೆಳಕನ್ನು ಬರೆಸಿ, ಅಕ್ಷರ ಅಲ್ಲಿ ಕೂರಿಸಿ, ಬರೀ ಕಪ್ಪಿನಲ್ಲಿ, 18 ಪಾಯಿಂಟ್‌ಗೆ ಕಮ್ಮಿ ಇಲ್ಲದೆ. ಸಾಲಿನ ನಡುವೆ ಧಾರಾಳ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಆಕಾಶ ಅಪ್ಪಟ ಕಪ್ಪಲ್ಲ, ಕಡುನೀಲಿ ಇರಲಿ, ನಾಲ್ಕೂ ಇಂಕಿನ ಮೊತ್ತ (ಒಂದೊಂದೂ ಹೆಚ್ಚೆಂದರೆ 100%) 280% ಒಳಗೆ. ಮೀರಿದರೆ ಇಂಕು ಬೇಗ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತೆ. 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ನುಣುಪು ಆರ್ಟ್ ಪೇಪರ್ ಸಾಕು, ಲೇಪವಿಲ್ಲದ ಮ್ಯಾಪ್‌ಲಿಥೊದಲ್ಲಿ ನೀಲಿ ಮಂಕಾಗುತ್ತೆ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಅಷ್ಟು ಚಿತ್ರ ಇರಲಿ. ಗಾಢ ಬಣ್ಣದ ಕವರ್ ಮಡಿಕೆಯಲ್ಲಿ ಬಿಳಿ ಬಿರುಕು ಬಿಡುತ್ತೆ, ಲ್ಯಾಮಿನೇಷನ್ ಮಾಡಿಸಿ.

ಹಿತ್ತಲಬಾಗಿಲು:
ಏಳೇ ಜೋಡಿ! ಒಳ್ಳೇದಾಯ್ತು ಕೇಳಿದ್ದು. ಕಲ್ಲು ಹೆಂಚು ಒಡೆಯೋ ಹಾಗೆ ತೋರಿಸಬಹುದಾ? ಕಲ್ಲಿನ ಬಣ್ಣ?

ಕತ್ತಲಗಣ್ಣು:
ಧಾರಾಳವಾಗಿ. 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರ್ ಹತ್ತಿರ ಬಿದ್ದ ಉಲ್ಕೆಯ ಒಂದು ತುಂಡು ಬೇವಿನ ಕೊಂಬೆಗೆ ತಾಗಿ ಚೂರಾಯಿತು, ಪಕ್ಕದ ಊರಲ್ಲಿ ಇನ್ನೊಂದು ಮನೆಯ ಜಗಲಿಯ ಟೈಲ್ಸ್ ಒಡೆಯಿತು.

ಸಾಮಾನ್ಯ ಕಲ್ಲಾದರೆ ಹೊರಗೆ 1 ಮಿ.ಮೀ.ಗೂ ತೆಳುವಾದ ಕಪ್ಪು ಸಿಪ್ಪೆ, ಒಡೆದ ಕಡೆ ಬೂದು. ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದಂಥ ತಗ್ಗುಗಳು ಇರಬಹುದು. ಸ್ಪಂಜಿನ ಹಾಗೆ ತೂತು ತೂತು ಬರೆಸಬೇಡಿ, ಅದು ಕಬ್ಬಿಣದ ಕಿಟ್ಟದ ರೂಪ. ‘ಸಿಕ್ಕಿತು ಉಲ್ಕೆ’ ಅಂತ ಜನ ತರುವುದರಲ್ಲಿ ಕಿಟ್ಟ ಬಹಳ.

ಕಥೆಮಣೆ:
ಭಾಷೆ ಬಗ್ಗೆ ಎರಡು ಮಾತು. ಅಜ್ಜಿ ಬಾಯಲ್ಲಿ ‘ಉಲ್ಕಾಶಿಲೆ’ ಬೇಡ. ‘ಬಾನಿಂದ ಬಿದ್ದ ಕಲ್ಲು’ ಅನ್ನಲಿ, ಶಾಸ್ತ್ರದ ಹೆಸರು ಕೊನೇ ಪುಟಕ್ಕಿರಲಿ. 6–7ರಲ್ಲಿ ವಿವರಣೆಗೆ ಇಳಿದರೆ ಮೌನ ಕೆಡುತ್ತೆ. ಇಷ್ಟು ಸಾಕು:

“ಬೆಳಕು ಆರಿತು.
ಅಜ್ಜಿ ಎಲೆಗೆ ಸುಣ್ಣ ಸವರಿದಳು.
ಪುಟ್ಟಿ ಬೆರಳು ಮಡಚಿದಳು. ಒಂದು... ಎರಡು...”

ಎಣಿಕೆ 7ನೇ ಪುಟದ ತುದಿಯಲ್ಲಿ ನಿಲ್ಲಲಿ, ತಿರುವಿದರೆ ‘ಢಮಾರ್’.

16ನೇ ಪುಟದಲ್ಲಿ ಕಲ್ಲು ಸಿಕ್ಕರೆ ಏನು ಮಾಡಬೇಕು ಅಂತ ಚಿತ್ರದಲ್ಲೇ ತೋರಿಸಿ: ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ, ಬರಿಗೈ ತಾಗಿಸದೆ ಶುಚಿಯಾದ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತುವುದು, ತೊಳೆಯದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸುವುದು. ಪುಟ್ಟಿ ಕೈಗೆ ಅಯಸ್ಕಾಂತ ಕೊಟ್ಟಿದ್ದರೆ ತೆಗೆಸಿ. ಅದು ತಾಗಿದರೆ ಕಲ್ಲಿನೊಳಗೆ ಉಳಿದಿರುವ ಹಳೆಯ ಕಾಂತಗುಣದ ಗುರುತು ಅಳಿಸಿಹೋಗುತ್ತೆ.

ಪುಸ್ತಕಕ್ಕೆ ಇನ್ನೂ ಹೆಸರು ಇಟ್ಟಿಲ್ಲದಿದ್ದರೆ ಒಂದು ದಾರಿ ಇದೆ. ಉಲ್ಕಾಶಿಲೆಗೆ ಬಿದ್ದ ಜಾಗದ ಹೆಸರನ್ನೇ ಇಡುವುದು ರೂಢಿ. 1866ರಲ್ಲಿ ನಮ್ಮ ಉಡುಪಿ ಕಡೆ ಬಿದ್ದ ಕಲ್ಲು ಪಟ್ಟಿಯಲ್ಲಿ ‘ಉಡಿಪಿ’ ಅಂತಲೇ ಇದೆ. ಪುಟ್ಟಿಯ ಊರಿಗೆ ಒಳ್ಳೆ ಹೆಸರು ಹುಡುಕಿ, ಕಲ್ಲಿಗೂ ಅದೇ ಆಯ್ತು.