ಮರು: ಆಲಿಕಲ್ಲು ಮಳೆ ಸೂಚನೆ – ಬೋರ್ಡಿಗೆ ಪದ ಬೇಕು (ತುರ್ತು)

> ಮಾವಿನ ಮಂಡಿಯ ಗೇಟಿಗೆ ಬೋರ್ಡ್. ಎಚ್ಚರಿಕೆ ಬಂದ ದಿನ ತೂಗುಹಾಕ್ತೀವಿ. ಸಂಜೆ ಗುಡುಗು-ಮಿಂಚು, ಆಲಿಕಲ್ಲು, ಗಂಟೆಗೆ 50-60 ಕಿ.ಮೀ. ಗಾಳಿ – ಇಷ್ಟು ಹೇಳಬೇಕು. 'ಕರಕಾವೃಷ್ಟಿ' ಸರಿಯಾ? ನಾಳೆ ಪೇಂಟರ್ ಬರ್ತಾರೆ.

'ಕರಕಾವೃಷ್ಟಿ' ಬೇಡ. ಮಂಡಿಗೆ ಬರುವ ರೈತರಿಗೆ ಆಮೇಲೆ ಅದರ ಅರ್ಥ ಬೇರೆ ಹೇಳಬೇಕಾಗುತ್ತದೆ. ಆಲಿಕಲ್ಲು ಅಂತಲೇ ಬರೆಯಿರಿ.

'ಆಲಿ' ನಮ್ಮದೇ ಪದ. ತಮಿಳಿನಲ್ಲಿ ಆಲಿ ಅಂದರೆ ಮಳೆಹನಿಯೂ ಹೌದು, ಆಲಿಕಲ್ಲೂ ಹೌದು. ಮಲಯಾಳದಲ್ಲಿ ಅದು ಆಲಿಪ್ಪಳಂ, ಅಂದರೆ ಕಲ್ಲಿನ ಜಾಗದಲ್ಲಿ ಹಣ್ಣು. ಹಾಗಾಗಿ ಆಲಿಕಲ್ಲು ಅಂದರೆ ಕಲ್ಲಾದ ಹನಿ ಎಂದೇ ನಾನು ಬಿಡಿಸುತ್ತೇನೆ. ಆಣೆಕಲ್ಲು, ಆನೆಕಲ್ಲು ಅನ್ನುವ ಕಡೆಗಳೂ ಇವೆ. ಆನೇಕಲ್ ಊರಿನ ಹೆಸರಿಗೆ ಇದೇ ಅರ್ಥ ಹೇಳುವವರಿದ್ದಾರೆ. ಕಣ್ಣಾಲಿಯ (ಕಣ್ಣುಗುಡ್ಡೆಯ) ಆಲಿಯೂ ಇದೇ ಅಂತ ನಿನ್ನೆ ಇಲ್ಲಿ ಬರೆದವರು ಒಂದು ಆಧಾರ ಕೊಡಲಿ. ಉಚ್ಚಾರ ಒಂದೇ ಆದಮಾತ್ರಕ್ಕೆ ಬೇರು ಒಂದಾಗುವುದಿಲ್ಲ.

ಗಾಳಿಗೆ 'ಬಿರುಗಾಳಿ' ಸಾಕು. ಚಂಡಮಾರುತ ಸಮುದ್ರದಲ್ಲಿ ಹುಟ್ಟುವಂಥದ್ದು, ಸುಂಟರಗಾಳಿ ಸುತ್ತುವಂಥದ್ದು. ಎರಡೂ ಇಲ್ಲಿ ತಪ್ಪು.

'ಗುಡುಗು-ಮಿಂಚು' ಅನ್ನುವುದಕ್ಕೆ ಮಾತ್ರ ನನ್ನ ಪೂರ್ತಿ ವಿರೋಧ ಇದೆ. ಇಂಗ್ಲಿಷಿನವರು ಮಿಂಚಿಗೂ ಸಿಡಿಲಿಗೂ ಒಂದೇ ಪದ ಹಾಕುತ್ತಾರೆ. ನಾವು ಮಿಂಚು ಕಾಣುತ್ತೇವೆ, ಗುಡುಗು ಕೇಳುತ್ತೇವೆ, ಆದರೆ ಮೈಮೇಲೆ ಬೀಳುವುದು ಸಿಡಿಲು. ಪತ್ರಿಕೆಗಳ 'ಗುಡುಗು ಸಹಿತ ಮಳೆ' ಓದಿ ಯಾರೂ ಹೆದರುವುದಿಲ್ಲ. ಮಳೆ ಶುರುವಾದರೆ ಜನ ಓಡುವುದು ಮಾವಿನ ಮರದ ಕೆಳಗೇ ಅಲ್ವಾ? ಸಿಡಿಲು ಅಂತ ಇರಲೇಬೇಕು, ಅದೂ ಮೊದಲಿಗೆ.

'ಸಂಜೆ' ಕೂಡ ಸಾಲದು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ನೆಲ ಕಾದು, ಬಿಸಿ ಗಾಳಿ ಮೇಲೆದ್ದು ಮೋಡ ಕಟ್ಟುತ್ತದೆ. ಮೂರು ಗಂಟೆ ದಾಟಿದ ಮೇಲೆ ಯಾವಾಗ ಬೇಕಾದರೂ ಸುರಿಯಬಹುದು. 'ಇಳಿಹೊತ್ತು' ಒಳ್ಳೆಯ ಪದ, ಅದನ್ನು ಬಳಸಿ.

ಬೋರ್ಡಿಗೆ ಹೀಗೆ:

ಇಂದು ಇಳಿಹೊತ್ತಿನಿಂದ ರಾತ್ರಿವರೆಗೆ
ಸಿಡಿಲು, ಬಿರುಗಾಳಿ, ಆಲಿಕಲ್ಲು ಮಳೆ ಬರಬಹುದು.
ಮರದ ಕೆಳಗೆ ನಿಲ್ಲಬೇಡಿ.

'ಆರೆಂಜ್ ಅಲರ್ಟ್' ಬಂದ ದಿನ ಅದನ್ನೂ ಹಾಗೇ ಬರೆಯಿರಿ. ಟೀವಿಯಲ್ಲಿ ಜನ ಕೇಳುವುದು ಅದನ್ನೇ.

ಇನ್ನು 'ಮುನ್ಸೂಚನೆ' ಅರಿಸಮಾಸ (ಕನ್ನಡ-ಸಂಸ್ಕೃತ ಬೆರೆಸಿದ ಸಮಾಸ), ಕೈಬಿಡಿ ಅನ್ನುವ ವಾದಕ್ಕೆ ಬರೋಣ. ಅರಿಸಮಾಸವೇ ಇರಲಿ, ಅದರಿಂದ ಯಾರಿಗೆ ತೊಂದರೆಯಾಗಿದೆ? ಹವಾಮಾನದಲ್ಲಿ ಹವಾ ಅರಬ್ಬಿಯದು, ಮಾನ ಸಂಸ್ಕೃತದ್ದು. ಆ ಪದ ಇಲ್ಲದೆ ಇವತ್ತು ಯಾವ ರೈತನೂ ಮಳೆಯ ಮಾತಾಡುವುದಿಲ್ಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಅಕಾಲದ ಮಳೆಗೆ 'ಅವಕಾಳಿ' ಅನ್ನುತ್ತಾರೆ. ಅದು ಮರಾಠಿಯಿಂದ ಬಂದದ್ದು, ಅಲ್ಲಿ ಅದೇ ಕನ್ನಡ. ಎರವಲು ಪದ ಬಂದರೆ ನನಗೆ ಬೇಸರವಿಲ್ಲ. ಇರುವ ಪದ ಬಿಟ್ಟುಹೋದರೆ ಬೇಸರ. 'ಮುಂಗಾರು ಪೂರ್ವ ಮಳೆ' ಅಂತ ಸುಮ್ನೆ ಮೂರು ಪದ ಹೊಂದಿಸುತ್ತೇವೆ, 'ಅಡ್ಡಮಳೆ' ಅನ್ನುವ ಒಂದೇ ಪದ ಇರುವಾಗ. ನಿಮ್ಮ ಕಡೆ ಅಡ್ಡಮಳೆ ಇನ್ನೂ ಬಳಕೆಯಲ್ಲಿದ್ದರೆ ತಾಲ್ಲೂಕಿನ ಹೆಸರು ಹಾಕಿ ಬರೆಯಿರಿ.