ಒಂದೇ ಅಡುಗೆಮನೆಯಲ್ಲಿ ಕೊರಿಯನ್ ಊಟವೂ ಜಪಾನಿ ಊಟವೂ: ಮೊದಲ ಸಲ ಏನು ತರಿಸಿಕೊಳ್ಳಬೇಕು?

ಬೀದಿಕೊನೆ:
ನಮ್ಮ ಬೀದಿಯ ಕೊನೆಗೆ ಹೊಸದೊಂದು ಪುಟ್ಟ ಹೋಟೆಲ್ ಬಂದಿದೆ. ಕೆಲವೇ ಮೇಜುಗಳು, ಅಡುಗೆಗೆ ಒಬ್ಬರು, ಬಡಿಸುವುದಕ್ಕೆ ಒಬ್ಬರು. ಫಲಕದ ಒಂದು ಬದಿಗೆ ಕೊರಿಯನ್ ಊಟ: ಬಿಬಿಂಬಾಪ್ (ತರಕಾರಿ, ಮೊಟ್ಟೆ ಹಾಕಿ ಕಲಸಿ ತಿನ್ನುವ ಅನ್ನ), ಕಿಂಬಾಪ್ (ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ), ಕಿಮ್ಚಿ ಸ್ಟ್ಯೂ (ಕಿಮ್ಚಿ ಅಂದರೆ ಹುದುಗಿಸಿದ ಖಾರದ ಎಲೆಕೋಸು, ಅದರ ಗಟ್ಟಿ ಸಾರು). ಇನ್ನೊಂದು ಬದಿಗೆ ಜಪಾನಿ ಊಟ: ರಾಮೆನ್ ಮತ್ತು ಉಡೋನ್ (ಸಾರಿನಲ್ಲಿ ಬರುವ ನೂಡಲ್ಸ್), ಸುಶಿ (ಹುಳಿ ಬೆರೆಸಿದ ಅನ್ನದ ತುತ್ತು). ದರ ಕೈಗೆಟುಕುವಂತಿದೆ, ನನಗೆ ಅನುಮಾನ ಹುಟ್ಟಿರುವುದೂ ಅದರಿಂದಲೇ. ಎರಡು ದೇಶದ ಅಡುಗೆಯನ್ನು ಒಬ್ಬರೇ, ಅದೂ ಇಷ್ಟು ಅಗ್ಗವಾಗಿ, ಚೆನ್ನಾಗಿ ಮಾಡಲು ಸಾಧ್ಯವೇ? ತಾಯಿಯನ್ನೂ ಕರೆದುಕೊಂಡು ಹೋಗುವ ಆಸೆಯಿದೆ. ಅವರು ಮೊಟ್ಟೆ ತಿನ್ನುತ್ತಾರೆ, ಮಾಂಸ ಮೀನು ಮುಟ್ಟುವುದಿಲ್ಲ. ಬಲ್ಲವರು ತಿಳಿಸಿ.

ಒಲೆಮುಂದೆ:
ಇಂಥದ್ದೇ ಸಣ್ಣ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವಳು ನಾನು. ಧೈರ್ಯವಾಗಿ ಹೋಗಿ. ಅಗ್ಗ ಎಂದ ಮಾತ್ರಕ್ಕೆ ಕಳಪೆ ಎಂದು ತಿಳಿಯಬೇಡಿ. ಗಿಡ್ಡ ಕಾಳಿನ ಅಂಟಕ್ಕಿ, ಸೋಯಾ ಸಾಸ್, ತೋಫು, ಎಳ್ಳು, ಒಣಗಿಸಿದ ಕಡಲಪಾಚಿಯ ಹಾಳೆ, ಹುದುಗಿಸಿದ ಸೋಯಾಬೀನ್ ಪೇಸ್ಟ್ ಎರಡೂ ಅಡುಗೆಗಳಿಗೆ ಬೇಕು. ಉಗ್ರಾಣ ಒಂದೇ ಆದಾಗ ಸಾಮಾನು ಬೇಗ ಖರ್ಚಾಗುತ್ತದೆ, ಹಾಳಾಗುವುದು ಕಡಿಮೆ. ಬೆಲೆ ಇಳಿಯುವುದು ಅಲ್ಲಿ.

ಹಾಗೆಂದು ಮಾಡುವ ರೀತಿ ಒಂದೇ ಅಲ್ಲ. ಕಿಂಬಾಪ್‌ನ ಅನ್ನಕ್ಕೆ ಎಳ್ಳೆಣ್ಣೆ ಮತ್ತು ಉಪ್ಪು ಬೀಳಬೇಕು. ಸುಶಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು. ಎರಡನ್ನೂ ಒಂದೇ ಪಾತ್ರೆಯ ಅನ್ನದಲ್ಲಿ ಸುತ್ತಿ ಕೊಡುವ ಕಡೆ ನಾನು ಎರಡನೆಯ ಸಲ ಕಾಲಿಡುವುದಿಲ್ಲ. ಅನ್ನವನ್ನು ಅಸಡ್ಡೆ ಮಾಡುವವರು ಉಳಿದದ್ದನ್ನೂ ಹಾಗೆಯೇ ಮಾಡುತ್ತಾರೆ ಎಂಬುದು ನನ್ನ ನಂಬಿಕೆ.

ಮೊದಲ ಸಲಕ್ಕೆ ಕಲ್ಲಿನ ಬಟ್ಟಲಿನ ಬಿಬಿಂಬಾಪ್ ತರಿಸಿಕೊಳ್ಳಿ, ಆ ಬಟ್ಟಲಿಗೆ ದೊಲ್ಸೋತ್ ಎನ್ನುತ್ತಾರೆ. ಬಟ್ಟಲು ಮೇಜಿಗೆ ಬಂದಾಗ ತಳದ ಅನ್ನ ಇನ್ನೂ ಚಟಪಟ ಎನ್ನುತ್ತಿರಬೇಕು. ತಕ್ಷಣ ಕಲಸಬೇಡಿ. ಸ್ವಲ್ಪ ಹೊತ್ತು ಬಿಟ್ಟರೆ ಕಲ್ಲಿಗೆ ತಾಗಿದ ಅನ್ನ ಹೊಂಬಣ್ಣದ ಗರಿಗರಿ ಪದರವಾಗುತ್ತದೆ. ಆಮೇಲೆ ಗೋಚುಜಾಂಗ್ ಎಂಬ ಹುದುಗಿಸಿದ ಮೆಣಸಿನ ಪೇಸ್ಟ್ ಹಾಕಿ, ಚಮಚವನ್ನು ತಳದವರೆಗೆ ಇಳಿಸಿ, ಸೊಪ್ಪು ತರಕಾರಿ ಮೊಟ್ಟೆ ಎಲ್ಲವನ್ನೂ ಚೆನ್ನಾಗಿ ಕಲಸಿ. ಬಟ್ಟಲಿನ ಅಂಚು ಮುಟ್ಟಬೇಡಿ, ಕೈ ಸುಡುತ್ತದೆ.

ಹಸಿ ಮೀನಿನ ಸುಶಿಯನ್ನು ಮಾತ್ರ ಈಗಲೇ ಬೇಡ ಎನ್ನುತ್ತೇನೆ. ಹಸಿಯಾಗಿ ಬಡಿಸುವ ಮೀನಿನಲ್ಲಿ ಪರೋಪಜೀವಿಗಳು ಸಾಯಬೇಕಾದರೆ ಅದನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕು, ಇಲ್ಲವೇ ಮೈನಸ್ 35ರಲ್ಲಿ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಅದೇ ಶೀತದಲ್ಲಿ 15 ಗಂಟೆ ಇಡಬೇಕು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೇಳುತ್ತದೆ. ಇದು ಬ್ಯಾಕ್ಟೀರಿಯಾಕ್ಕೆ ಮದ್ದಲ್ಲ. ಅದಕ್ಕೆ ತಣ್ಣಗಿನ ಪೆಟ್ಟಿಗೆ ಮತ್ತು ಬೇಗ ಬೇಗ ಆಗುವ ವ್ಯಾಪಾರ ಬೇಕು. ಮೀನು ಎಲ್ಲಿಂದ ಬರುತ್ತದೆ, ದಿನಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ. ಒಳ್ಳೆಯ ಅಡುಗೆಯವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ತಾಯಿಯವರ ವಿಷಯದಲ್ಲಿ ಎಚ್ಚರ ಬೇಕು. "ಇದು ಸಸ್ಯಾಹಾರವೇ?" ಎಂದರೆ ಬಡಿಸುವವರು ಕಣ್ಣಿಗೆ ಕಾಣುವ ತುಂಡುಗಳನ್ನಷ್ಟೇ ನೆನೆದು ಹೌದು ಎಂದುಬಿಡಬಹುದು. "ಸಾರನ್ನು ಯಾವುದರಿಂದ ಕುದಿಸಿದ್ದೀರಿ?" ಎಂದು ಕೇಳಿ. ಜಪಾನಿ ಅಡುಗೆಯ ದಾಶಿ ಸಾರಿಗೆ ಕೊಂಬು ಎಂಬ ಕಡಲಪಾಚಿಯ ಜೊತೆ ಸಾಮಾನ್ಯವಾಗಿ ಹೊಗೆಯಾಡಿಸಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಯೂ ಸೇರುತ್ತದೆ. ಹುದುಗಿಸಿದ ಸೋಯಾಬೀನ್ ಪೇಸ್ಟ್ ಕದಡಿದ ಮಿಸೊ ಸೂಪ್, ಉಡೋನ್, ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾದ ಜೊತೆ ಬರುವ ಅದ್ದುರಸ ಇವೆಲ್ಲದರ ಬುಡ ಅದೇ. ಕೊರಿಯನ್ ಸ್ಟ್ಯೂಗಳಿಗೆ ಒಣ ಆಂಚೊವಿ ಮೀನು ಕುದಿಸಿದ ನೀರು ಬಳಸುವುದು ಸರ್ವೇಸಾಮಾನ್ಯ. ಕಿಮ್ಚಿಯಲ್ಲೂ ಹೆಚ್ಚಾಗಿ ಉಪ್ಪಿನಲ್ಲಿ ಹುದುಗಿಸಿದ ಸೀಗಡಿ ಅಥವಾ ಮೀನಿನ ಸಾಸ್ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಬಿಬಿಂಬಾಪ್‌ನಲ್ಲಿ ದನದ ಮಾಂಸ ಬೇಡವೆಂದು ಮೊದಲೇ ಹೇಳಿ, ಗೋಚುಜಾಂಗ್‌ಗೆ ಏನು ಬೆರೆಸಿದ್ದಾರೆಂದು ವಿಚಾರಿಸಿ. ಸೌತೆಕಾಯಿ ಸುತ್ತಿದ ಕಪ್ಪಾ ಮಾಕಿ ಅವರಿಗೆ ನೆಮ್ಮದಿಯ ಆಯ್ಕೆ.

ಕಡ್ಡಿಚಮಚ:
ಒಂದು ಭಿನ್ನಾಭಿಪ್ರಾಯ. ಉಗ್ರಾಣ ಒಂದೇ ಎಂದು ಎರಡನ್ನೂ ಹತ್ತಿರ ತಂದುಬಿಡಬಾರದು. ಯುನೆಸ್ಕೊ 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಊಟದ ಪದ್ಧತಿಯಾದ ವಾಶೊಕುವನ್ನೂ, ಕೊರಿಯನ್ನರು ಚಳಿಗಾಲಕ್ಕಾಗಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ಕಿಮ್ಜಾಂಗ್ ಪದ್ಧತಿಯನ್ನೂ ಪರಂಪರೆಯ ಪಟ್ಟಿಗೆ ಸೇರಿಸಿತು, ಬೇರೆ ಬೇರೆಯಾಗಿಯೇ. ಉಣ್ಣುವ ರೀತಿಯೂ ಬೇರೆ. ಕೊರಿಯನ್ ಊಟದಲ್ಲಿ ಅನ್ನದ ಬಟ್ಟಲು ಮೇಜಿನ ಮೇಲೆಯೇ ಇರುತ್ತದೆ, ಅನ್ನಕ್ಕೂ ಸಾರಿಗೂ ಚಮಚ. ಜಪಾನಿ ಊಟದಲ್ಲಿ ಬಟ್ಟಲನ್ನು ಕೈಗೆತ್ತಿಕೊಂಡು ಕಡ್ಡಿಯಿಂದ ತಿನ್ನುತ್ತಾರೆ. ಎರಡೂ ಕಡೆ ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ಅದು ಸತ್ತವರಿಗೆ ಎಡೆ ಇಡುವುದನ್ನು ನೆನಪಿಸುತ್ತದೆ.

ಮೊದಲ ಸಲ ನಾನಾದರೆ ರಾಮೆನ್ ತರಿಸಿಕೊಳ್ಳುತ್ತೇನೆ. ಅಡುಗೆಯವರ ಕೈ ಗೊತ್ತಾಗುವುದು ಸಾರಿನಲ್ಲಿ.

ಒಲೆಮುಂದೆ:
ಒಪ್ಪುತ್ತೇನೆ, ಎರಡೂ ಬೇರೆಯೇ. ಆದರೆ ರಾಮೆನ್ ವಿಷಯದಲ್ಲಿ ಒಪ್ಪಲಾರೆ. ರಾಮೆನ್‌ಗೆ ಹಾಕುವ ತೊಂಕೊತ್ಸು ಸಾರು ಬೆಳ್ಳಗೆ ಮಂದವಾಗಬೇಕಾದರೆ ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕೊತಕೊತ ಕುದಿಸಬೇಕು. ಎರಡು ಒಲೆಯ ಅಡುಗೆಮನೆಯಲ್ಲಿ ಒಂದು ಒಲೆಯನ್ನು ಇಡೀ ದಿನ ಅದಕ್ಕೇ ಬಿಟ್ಟುಕೊಡಲು ಆಗುವುದಿಲ್ಲ, ಹಾಗಾಗಿ ಎಷ್ಟೋ ಕಡೆ ಸಿದ್ಧ ಸಾಂದ್ರಸಾರು ಬಳಸುತ್ತಾರೆ. ಅದರಿಂದ ಅವರ ಕೈಯನ್ನು ಅಳೆಯುವುದು ನ್ಯಾಯವಲ್ಲ. ಊಟಕ್ಕೆ ಮೊದಲು ಪುಟ್ಟ ತಟ್ಟೆಗಳಲ್ಲಿ ಬರುವ ನಂಚಿಕೆಗಳನ್ನು, ಅಂದರೆ ಬಾನ್‌ಚಾನ್‌ಗಳನ್ನು, ನೋಡಿ. ಬೇಯಿಸಿ ಹಿಂಡಿದ ಪಾಲಕ್‌ನಿಂದ ನೀರು ಒಸರುತ್ತಿದ್ದರೆ ಅವಸರದ ಕೆಲಸ.

ಬೀದಿಕೊನೆ:
ಹೋಗಿ ಬಂದೆವು. ಇಬ್ಬರಿಗೂ ಧನ್ಯವಾದ.

ಸಾರಿನ ಪ್ರಶ್ನೆ ಕೇಳುತ್ತಲೇ ಅಡುಗೆಯವರು ಕೈ ಒರೆಸಿಕೊಂಡು ಹೊರಗೆ ಬಂದರು. ಮಿಸೊ ಸೂಪ್‌ನಲ್ಲಿ ಮೀನಿದೆ, ತಾಯಿಯವರಿಗಾದರೆ ಕೊಂಬು ಮತ್ತು ಒಣ ಶಿಟಾಕೆ ಅಣಬೆ ನೆನೆಸಿದ ನೀರಿನಲ್ಲಿ ಬೇರೆಯಾಗಿ ಮಾಡಿಕೊಡುತ್ತೇನೆ, ಸ್ವಲ್ಪ ಕಾಯಬೇಕು ಎಂದರು. ಕಾದೆವು. ತಾಯಿ ಆ ಬಟ್ಟಲನ್ನು ಕೊನೆಯ ಹನಿಯವರೆಗೂ ಕುಡಿದರು. ಕಲ್ಲಿನ ಬಟ್ಟಲಿನ ಗರಿಗರಿ ಅನ್ನವನ್ನು ಚಮಚದಿಂದ ಕೆರೆದು ನನಗೆ ಅರ್ಧ ಕೊಟ್ಟು, ಉಳಿದದ್ದನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂಥ ಜಾಗ ಹತ್ತಿರದಲ್ಲೇ ಇರುವುದು ನನಗೆ ನಿಜವಾಗಿ ಸಂತೋಷ ಕೊಟ್ಟಿದೆ.

ಒಂದು ಸಂದೇಹ ಉಳಿಯಿತು. ನನಗೆ ಕೊಟ್ಟ ಕಿಮ್ಚಿ ವಿಪರೀತ ಹುಳಿಯಾಗಿತ್ತು, ಕಚ್ಚಿದಾಗ ಸೋಡಾದಂತೆ ನಾಲಿಗೆ ಚುರುಗುಟ್ಟಿತು. ಕೆಟ್ಟಿತ್ತೇ?

ಒಲೆಮುಂದೆ:
ಇಲ್ಲ, ಚೆನ್ನಾಗಿ ಹುದುಗಿತ್ತು. ಲ್ಯಾಕ್ಟಿಕ್ ಆಮ್ಲ ಹೆಚ್ಚಾದಂತೆ ಹುಳಿ ಏರುತ್ತದೆ, ಆ ಚುರುಕು ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್‌ನದು. ಬೂಸ್ಟು ಹಿಡಿದಿದ್ದರೆ, ಲೋಳೆಯಾಗಿದ್ದರೆ ಅಥವಾ ಕೊಳೆತ ವಾಸನೆ ಬಂದರೆ ಮಾತ್ರ ಮುಟ್ಟಬೇಡಿ. ಹುಳಿ ಹಾಗೇ ತಿನ್ನಲು ಹಿಡಿಸದಿದ್ದರೆ ಮುಂದಿನ ಸಲ ಕಿಮ್ಚಿ ಸ್ಟ್ಯೂ ತರಿಸಿಕೊಳ್ಳಿ. ಅದಕ್ಕೆ ಬೇಕಾಗಿರುವುದೇ ಇಂಥ ಹಳೆಯ ಹುಳಿ ಕಿಮ್ಚಿ. ಹೊಸದನ್ನು ಹಾಕಿದರೆ ಸ್ಟ್ಯೂ ಸಪ್ಪೆ.