ಕೀಪ್ಯಾಡ್ ಫೋನಿರುವ ಅಮ್ಮನ ಖಾತೆಗೇ ಹಣ ಬರುವಂತೆ ಮಾಡಬಹುದೇ?

ಪ್ರಶ್ನೆ: ಸರ್, ನಮಸ್ಕಾರ. ಅಮ್ಮ ಮಲ್ಪೆಯಿಂದ ಮೀನು ತಂದು ಉಡುಪಿಯಲ್ಲಿ ಮಾರುತ್ತಾರೆ. ಅವರಲ್ಲಿರುವುದು ಕೀಪ್ಯಾಡ್ ಫೋನ್. ಗಿರಾಕಿಗಳು ಸ್ಕ್ಯಾನ್ ಮಾಡಿದ ಹಣ ಅಣ್ಣನ ಖಾತೆಗೆ ಹೋಗುವುದರಿಂದ ತನ್ನ ದುಡಿಮೆಯ ಲೆಕ್ಕವನ್ನು ಅವರು ಅಣ್ಣನಲ್ಲಿಯೇ ಕೇಳಬೇಕಾಗಿದೆ. ಅಮ್ಮನಿಗೆ ಜನಧನ್ ಖಾತೆ ಇದೆ. ಏನು ಮಾಡಬಹುದು?

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ): ಖಂಡಿತ ಮಾಡಬಹುದು, ಮಾಡಲೇಬೇಕು. ಹಣ ಪಡೆಯುವವರಲ್ಲಿ ಸ್ಮಾರ್ಟ್‌ಫೋನ್ ಇರಲೇಬೇಕೆಂದಿಲ್ಲ; ಕ್ಯೂಆರ್ ಹಾಳೆಯಲ್ಲಿ ಅಡಗಿರುವುದು ಖಾತೆಗೆ ಜೋಡಿಸಿದ ಯುಪಿಐ ವಿಳಾಸ ಮಾತ್ರ. ತಾಯಿಯವರು ತಮ್ಮ ಶಾಖೆಗೆ ಹೋಗಿ ವ್ಯಾಪಾರಿ ಕ್ಯೂಆರ್ ಕೇಳಲಿ, ಜೊತೆಗೆ ಮೊತ್ತವನ್ನು ಗಟ್ಟಿಯಾಗಿ ಹೇಳುವ ಸೌಂಡ್‌ಬಾಕ್ಸ್ ಸಿಗುವುದೇ, ಅದರ ಬಾಡಿಗೆ ಎಷ್ಟು ಎಂಬುದನ್ನೂ ವಿಚಾರಿಸಲಿ.

ಅದಕ್ಕೂ ಮುನ್ನ ಖಾತೆಯ ಬಗೆಯನ್ನು ನೋಡಿಕೊಳ್ಳಿ. ಅಧಿಕೃತ ದಾಖಲೆಯಿಲ್ಲದೆ ತೆರೆದ ‘ಸಣ್ಣ ಖಾತೆ’ಯಾಗಿದ್ದರೆ ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿ ಜಮೆ, ಒಮ್ಮೆಗೆ 50,000 ರೂಪಾಯಿ ಶಿಲ್ಕು ಎಂಬ ಮಿತಿಗಳಿರುತ್ತವೆ. ಮೀನಿನ ವ್ಯಾಪಾರದಲ್ಲಿ ಆ ಮಿತಿ ಕೆಲವೇ ತಿಂಗಳಲ್ಲಿ ಮುಟ್ಟಿಬಿಡುತ್ತದೆ. ಆದ್ದರಿಂದ ಆಧಾರ್ ಕೊಟ್ಟು ಕೆವೈಸಿ ಪೂರ್ಣಗೊಳಿಸಿ, ಅವರದೇ ಮೊಬೈಲ್ ಸಂಖ್ಯೆಯನ್ನು ಖಾತೆಗೆ ಜೋಡಿಸಿ. ಅಣ್ಣನ ಸಂಖ್ಯೆ ಬೇಡ.

ಕೀನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯಲ್ಲಿ ಬ್ಯಾಂಕ್ ಖಾತೆಯೇ ಇಲ್ಲದವರೂ ಫೋನ್ ಸಂಖ್ಯೆಯ ಮೇಲೆ ಹಣ ಇಟ್ಟುಕೊಳ್ಳಬಹುದು. ನಮ್ಮ ಯುಪಿಐ ಮುಖ್ಯವಾಗಿ ಬ್ಯಾಂಕ್ ಖಾತೆಯ ಮೇಲೆ ನಿಂತಿರುವುದರಿಂದ ಆ ಖಾತೆ ಯಾರ ಹೆಸರಿನಲ್ಲಿದೆ ಎಂಬುದೇ ಇಲ್ಲಿ ನಿರ್ಣಾಯಕ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಆರಂಭವಾದಾಗ ದಿನಕ್ಕೆ 2 ಆಣೆ ಕಟ್ಟಿದವರ ಹೆಸರಿಗೂ ಉಳಿತಾಯ ಬೆಳೆಯಿತು. ತಾಯಿಯವರ ದಿನದ ವಹಿವಾಟಿಗೂ ಅದೇ ಹಕ್ಕು ಸಲ್ಲಬೇಕು. ಮುಂದೆ ಅವರು ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ, ಅಂದರೆ 50,000 ರೂಪಾಯಿವರೆಗಿನ ಸಾಲಕ್ಕೆ ಅರ್ಜಿ ಹಾಕಿದಾಗ ಈ ಜಮೆಗಳೇ ವ್ಯಾಪಾರಕ್ಕೆ ಸಾಕ್ಷಿಯಾಗುತ್ತವೆ.

ಮರುಪ್ರಶ್ನೆ: ದೋಣಿಯವರಿಗೆ ಅಮ್ಮನೇ ಹಣ ಕಳಿಸಬಹುದೇ? ಮೋಸ ಹೋಗುವರೆಂಬ ಭಯವಿದೆ.

ಉತ್ತರ: 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಇರುವುದೇ ಕೀಪ್ಯಾಡ್ ಫೋನಿನವರಿಗಾಗಿ, ಇಂಟರ್ನೆಟ್ ಇಲ್ಲದೆ, ಕರೆ ಮಾಡಿಯೇ ಹಣ ಕಳಿಸಬಹುದು. ಮೊದಲ ಸಲ ನೀವು ಜೊತೆಗಿದ್ದು ತೋರಿಸಿಕೊಡಿ, ಆದರೆ ಪಿನ್ ಅನ್ನು ಅವರೇ ಒತ್ತಲಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ ಎಂಬುದನ್ನು ಮನದಟ್ಟು ಮಾಡಿಸಿ. ಗಿರಾಕಿಯ ಫೋನಿನ ಚಿತ್ರವನ್ನು ನಂಬದೆ, ಸೌಂಡ್‌ಬಾಕ್ಸ್ ಹೇಳಿದ ಮೇಲೆಯೇ ಮೀನು ಕೊಡಲಿ. ವಂಚನೆ ನಡೆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.